ಮಂಗಳಕ್ಕೆ ಮುಂಚಿನ ಬಸ್ಸು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚನ್ನರಾಯಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಒಂದು ಜಪಾನಿ ಸಿನಿಮಾದ ವಿಚಾರಣೆ ನಡೆಯುವುದಿತ್ತು. ಅದನ್ನು ಹೊಗಳಿ ಪತ್ರಿಕೆಯಲ್ಲಿ ವಿಮರ್ಶೆ ಬರೆದಿದ್ದ ಆತ್ರೇಯನನ್ನು ತಜ್ಞನೆಂದು ಕರೆದಿದ್ದರು. ಆತ್ರೇಯ ಆ ಸಿನಿಮಾವನ್ನು ಅರ್ಧ ಮಾತ್ರ ನೋಡಿದ್ದ.

ತನ್ನನ್ನು ಬಿಟ್ಟರೆ ಇದು ಗೊತ್ತಿರುವುದು ಹೆಂಡತಿಗೆ ಮಾತ್ರ ಎಂದು ಅವನು ತಿಳಿದಿದ್ದ. ಹೊಳೆನರಸೀಪುರದ ಮನೆಯಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಪ್ರಿಯಂವದಾ ದೋಸೆಯ ಮೊಗಚೆಕಾಯಿ ಹಿಡಿದೇ ಬಾಗಿಲಿಗೆ ಬಂದಳು.

“ಅಲ್ರೀ, ಆ ಮಕ್ಕಳು ಕೊನೆಗೆ ಏನಾದ್ರು?”

“ಎಲ್ಲ ಸತ್ತಿರ್ತಾರೆ.”

“ಇರ್ತಾರೆ ಅಂದ್ರೆ? ಪೇಪರ್‌ನಲ್ಲಿ ಸುಖಾಂತ್ಯ ಅಂತ ಬರೆದಿದ್ರಿ.”

“ಸುಖಾಂತ್ಯ ಅಂತ ಬರೆದಿಲ್ಲ. ಮಂಗಳಕರವಾಗಿ ಮುಕ್ತಾಯಗೊಂಡಿತು ಅಂತ ಬರೆದಿದ್ದೀನಿ.”

“ಓ, ಹಾಗಾದ್ರೆ ಬಚಾವ್ ಬಿಡಿ,” ಎಂದು ಅವಳು ದೋಸೆ ಮಗುಚಲು ಹೋದಳು. ನಗುತ್ತಿದ್ದಳೋ ಇಲ್ಲವೋ ಬೆನ್ನಿನಿಂದ ಗೊತ್ತಾಗಲಿಲ್ಲ. ಮದುವೆಯಾದಂದಿನಿಂದ ಅವನು ಅವಳ ಬೆನ್ನನ್ನು ಓದಲು ಪ್ರಯತ್ನಿಸುತ್ತಲೇ ಇದ್ದಾನೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಫೋನಿನಲ್ಲಿ ಆ ಸಿನಿಮಾದ ಬಗ್ಗೆ ಬಂದದ್ದನ್ನೆಲ್ಲ ಮತ್ತೊಮ್ಮೆ ಓದಿದ. ಬೆಂಗಳೂರಿನ ಒಬ್ಬ ವಿಮರ್ಶಕ ‘ಹಿಂಸೆಯ ಮಹಾಕಾವ್ಯ’ ಎಂದಿದ್ದ. ಇನ್ನೊಬ್ಬಾಕೆ ‘ಇದನ್ನು ತೆಗೆದವರನ್ನೂ ಮೆಚ್ಚಿದವರನ್ನೂ ಒಂದೇ ವೈದ್ಯರಿಗೆ ತೋರಿಸಬೇಕು’ ಎಂದಿದ್ದಳು. ಮೂರನೆಯವನು ನಕ್ಷತ್ರಗಳನ್ನು ಕೊಡದೆ ಬರೀ ಮೌನ ಎಂದು ಬರೆದು ಕೈತೊಳೆದುಕೊಂಡಿದ್ದ. ಎಲ್ಲರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದರು: ಕೊನೆಯಲ್ಲಿ ಏನಾಗುತ್ತದೆಂದು ಹೇಳಿ ಓದುಗರ ಕುತೂಹಲ ಕೆಡಿಸುವುದಿಲ್ಲ. ಇವರಿಗೂ ಬಸ್ಸಿತ್ತೇನೋ ಎಂದು ಆತ್ರೇಯನಿಗೆ ಅನುಮಾನವಾಯಿತು. ಅವನಿಗಂತೂ ಇತ್ತು. ಅವನು ಸಹಕಾರಿ ಬ್ಯಾಂಕೊಂದರ ಅಧಿಕಾರಿ. ಹಾಸನದ ದಿನಪತ್ರಿಕೆಗೆ ಸಂಗೀತ ಕಚೇರಿಗಳ ವಿಮರ್ಶೆ ಬರೆಯುತ್ತ ತಲೆ ನರೆಸಿಕೊಂಡವನು. ಸಿನಿಮಾ ಬರೆಯುವ ಹುಡುಗ ಡೆಂಗಿ ಬಂದು ಮಲಗಿದಾಗ ಸಂಪಾದಕ ಮುರಳೀಕೃಷ್ಣ ಫೋನ್ ಮಾಡಿದ್ದ. ‘ಹಾಸನದ ಫಿಲಂ ಸೊಸೈಟಿಯವರು ಜಪಾನಿಂದು ತೋರಿಸ್ತಿದಾರೆ, ಹೋಗಿ ಬನ್ನಿ. ಹಾಡಿಗೆ ಬದಲು ಹೊಡೆದಾಟ ಇರುತ್ತೆ, ಅಷ್ಟೇ ವ್ಯತ್ಯಾಸ.’ ಹೋದ. ಹಿಮ ಬಿದ್ದ ಗುಡ್ಡದ ಮೇಲೊಂದು ಶಾಲೆಯ ಹಾಸ್ಟೆಲು. ಬೆಳಗಾಗುತ್ತಲೇ ಧ್ವನಿವರ್ಧಕ ಒಬ್ಬೊಬ್ಬರ ಹೆಸರು ಕರೆಯುತ್ತದೆ. ನಿನ್ನೆಗಿಂತ ಇವತ್ತು ಒಬ್ಬರಾದರೂ ಕಡಿಮೆ ಹಾಜರಿರಬೇಕು, ಇಲ್ಲದಿದ್ದರೆ ಕಾವಲಿನವರು ಎಲ್ಲರ ಮೇಲೂ ಗುಂಡು ಹಾರಿಸುತ್ತಾರೆ. ಆದ್ದರಿಂದ ಮಕ್ಕಳು ರಾತ್ರಿ ಹೊತ್ತು ಒಬ್ಬರನ್ನೊಬ್ಬರು ಕೊಲ್ಲತೊಡಗುತ್ತಾರೆ. ಎರಡು ಜಡೆಯ ಹುಡುಗಿಯೊಬ್ಬಳು ಗೆಳತಿಯ ಹಣೆಗೆ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಆತ್ರೇಯ ಗಡಿಯಾರ ನೋಡಿಕೊಂಡು ಎದ್ದ. ಹೊಳೆನರಸೀಪುರದ ಬಸ್ಸು ಹೊರಡುವುದರಲ್ಲಿತ್ತು. ಇದರಲ್ಲಿ ಅಪ್ರಾಮಾಣಿಕತೆಯೇನೂ ಅವನಿಗೆ ಕಾಣಲಿಲ್ಲ. ಕಚೇರಿಯಲ್ಲೂ ಅವನು ತನಿ ಆವರ್ತನದ ಹೊತ್ತಿಗೆ ಏಳುತ್ತಾನೆ. ಮೃದಂಗದವನಿಗೆ ಒಬ್ಬನೇ ನುಡಿಸಲು ಬಿಟ್ಟ ಸಮಯ ಅದು. ಸಭೆಯ ಅರ್ಧ ಜನ ಕಾಫಿಗೆ ಏಳುತ್ತಾರೆ, ಪತ್ರಿಕೆಯವರು ಬಸ್ಸಿಗೆ ಏಳುತ್ತಾರೆ. ಆಮೇಲೆ ಎರಡು ದೇವರನಾಮ, ಒಂದು ತಿಲ್ಲಾನ, ಕೊನೆಗೆ ಮಂಗಳ. ಮಂಗಳ ಯಾವ ಊರಲ್ಲೂ ಬೇರೆಯಾಗಿ ಮುಗಿದದ್ದಿಲ್ಲ. ಅದನ್ನು ಕೂತು ಕೇಳಿ ಬರೆಯುವುದೂ ಕೇಳದೆ ಬರೆಯುವುದೂ ಒಂದೇ.

ಹಾಗೆಯೇ ಬರೆದ. ಬರೆಯುವಾಗ ಕೈ ತಾನಾಗಿ ಹಳೆಯ ದಾರಿ ಹಿಡಿಯಿತು. ‘ಯುವ ಕಲಾವಿದರು ಪರಸ್ಪರ ಹೊಂದಾಣಿಕೆಯಿಂದ ನೆರೆದಿದ್ದ ರಸಿಕರನ್ನು ರಂಜಿಸಿದರು. ಕೊನೆಯ ಭಾಗದ ಹಿನ್ನೆಲೆ ಸಂಗೀತ ಮನಮುಟ್ಟುವಂತಿದ್ದು ಕಾರ್ಯಕ್ರಮ ಮಂಗಳಕರವಾಗಿ ಮುಕ್ತಾಯಗೊಂಡಿತು. ಸಕುಟುಂಬ ಸವಿಯಬಹುದಾದ ಕೃತಿ.’ ಅರಕಲಗೂಡಿನ ಓದುಗರೊಬ್ಬರು, ಬೆಂಗಳೂರಿನವರೆಲ್ಲ ಅತಿರೇಕಕ್ಕೆ ಹೋಗಿರುವಾಗ ನಮ್ಮ ಜಿಲ್ಲೆಯ ವಿಮರ್ಶಕರು ಸಮತೋಲನ ಕಾಯ್ದುಕೊಂಡಿದ್ದಾರೆ ಎಂದು ಸಂಪಾದಕರಿಗೆ ಪತ್ರ ಬರೆದರು. ಆತ್ರೇಯ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಈಗ ಬಸ್ಸಿನಲ್ಲಿ ಅದರ ನೆನಪಾಗಿ ಕಿವಿ ಬಿಸಿಯಾಯಿತು. ಪಕ್ಕದವನ ಮಡಿಲಲ್ಲಿದ್ದ ಕೋಳಿ ಅವನನ್ನು ಒಂದೇ ಕಣ್ಣಿನಿಂದ ನೋಡಿತು.

ಸಮತೋಲನ ಅವನು ಹುಟ್ಟಿನಿಂದ ಪಡೆದದ್ದಲ್ಲ, ಕಲಿತದ್ದು. ಅವನು ರುದ್ರಪಟ್ಟಣದವನು. ಆ ಊರಲ್ಲಿ ಯಾರ ಹಾಡನ್ನು ಟೀಕಿಸಿದರೂ ಅವರು ಸಂಬಂಧಿಕರಾಗಿರುತ್ತಾರೆ. ಒಮ್ಮೆ, ಬರೆಯಲು ಶುರು ಮಾಡಿದ ಹೊಸದರಲ್ಲಿ, ಸೋದರತ್ತೆ ಕನಕಲಕ್ಷ್ಮಿಯ ವೀಣೆಯ ಬಗ್ಗೆ ‘ಸ್ವರಪ್ರಸ್ತಾರದಲ್ಲಿ ತುಸು ಆತುರ ಕಂಡಿತು’ ಎಂದು ಬರೆದ. ಮುಂದಿನ ತಿಂಗಳೇ ಒಂದು ಉಪನಯನ. ಪಂಕ್ತಿಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಬಂದ ಕನಕಲಕ್ಷ್ಮಿ ಅತ್ತೆ ಅವನ ಎಡಗಡೆಯವನಿಗೆ ಎರಡು ಬಡಿಸಿ, ಬಲಗಡೆಯವನಿಗೆ ಎರಡು ಬಡಿಸಿ, ‘ಅಯ್ಯೋ, ನನಗೆ ಸ್ವಲ್ಪ ಆತುರ ನೋಡು’ ಎಂದು ಅವನನ್ನು ದಾಟಿ ಹೋದರು. ಪಂಕ್ತಿಯ ಉದ್ದಕ್ಕೂ ನಗು ಹರಿಯಿತು. ಅಂದಿನಿಂದ ಆತ್ರೇಯ ಯಾರ ಬಗ್ಗೆಯೂ ಕೆಟ್ಟದ್ದು ಬರೆದಿಲ್ಲ. ಗಾಯಕ ಅಪಸ್ವರ ಹಾಡಿದರೆ ‘ಗಂಟಲು ಕಟ್ಟಿದ್ದರೂ ಕಚೇರಿ ಕಳೆಗಟ್ಟಿತು’ ಎಂದು ಬರೆಯುತ್ತಾನೆ. ಜಿಲ್ಲೆಯ ಗಾಯಕರಿಗೆಲ್ಲ ವರ್ಷವಿಡೀ ಗಂಟಲು ಕಟ್ಟಿರುತ್ತದೆ.

ಕಾಲೇಜಿನ ಜಗಲಿಯ ನೋಟಿಸ್ ಬೋರ್ಡಿನಲ್ಲಿ ಹಾಜರಿ ಸಾಲದ ವಿದ್ಯಾರ್ಥಿಗಳ ಹೆಸರುಗಳನ್ನು ಅಂಟಿಸಿದ್ದರು. ಮೇಲೆ ಕೆಂಪಕ್ಷರದಲ್ಲಿ ‘ಶಾರ್ಟೇಜ್: ಇವರಿಗೆ ಪರೀಕ್ಷೆಗೆ ಅವಕಾಶವಿಲ್ಲ’ ಎಂದಿತ್ತು. ಬಹುತೇಕ ಹೆಸರುಗಳ ಮುಂದೆ ದಂಡಿಗನಹಳ್ಳಿ ಕಡೆಯ ಊರುಗಳಿದ್ದವು. ಆತ್ರೇಯ ಅದರ ಗಾಜಿನಲ್ಲಿ ತಲೆ ಬಾಚಿಕೊಂಡು ಒಳಗೆ ಹೋದ.

ಆಡಳಿತ ಮಂಡಳಿಯ ಅಧ್ಯಕ್ಷ ಪಾಲಾಕ್ಷ ಕೊಬ್ಬರಿ ಮಂಡಿಯ ಮಾಲೀಕರು. ಸೆಮಿನಾರ್ ಹಾಲಿನ ಮೊದಲ ಸಾಲಿನಲ್ಲಿ ಎರಡು ಕುರ್ಚಿ ತುಂಬ ಕುಳಿತಿದ್ದರು.

“ಬನ್ನಿ ಸ್ವಾಮಿ, ಕೂತ್ಕಳಿ. ಮೊದ್ಲು ಎಳ್ನೀರು ಕುಡೀರಿ. ಆಮ್ಯಾಕೆ ರಕ್ತ ನೋಡಾನ.”

ಪ್ರಿನ್ಸಿಪಾಲ್ ನಂಜುಂಡಯ್ಯ ಕೈಮುಗಿದರು. ಪೋಷಕರ ಪರವಾಗಿ ಬಂದಿದ್ದ ಗಂಗಾಂಬಿಕೆ ಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಹುಬ್ಬಿನ ಮೇಲೆ ಇನ್ನೂ ತುಸು ರಾಗಿಹಿಟ್ಟಿತ್ತು. ಮಡಿಲಲ್ಲಿದ್ದ ಚೀಲದಿಂದ ಅವನ ವಿಮರ್ಶೆಯ ತುಣುಕು ತೆಗೆದು ತೊಡೆಯ ಮೇಲೆ ಹರಡಿ ಅಂಗೈಯಲ್ಲಿ ನೀವಿದಳು. ಪರದೆಯ ಪಕ್ಕ ಲ್ಯಾಪ್‌ಟಾಪಿನ ಮುಂದೆ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ ನೇತ್ರಾ ನಿಂತಿದ್ದಳು. ಸಿನಿಮಾ ತೋರಿಸಿದವಳು ಅವಳೇ. ವಿದ್ಯಾರ್ಥಿಗಳಿಗೆ ತೋರಿಸಲು ಅನುಮತಿ ಕೇಳುವಾಗ ಆತ್ರೇಯನ ವಿಮರ್ಶೆಯನ್ನು ಅರ್ಜಿಯ ಜೊತೆ ಲಗತ್ತಿಸಿದ್ದಳು. ನಂಜುಂಡಯ್ಯ ‘ಸಕುಟುಂಬ’ ಎಂಬ ಪದ ನೋಡಿ ಸಹಿ ಹಾಕಿದ್ದರು, ಉದ್ಘಾಟನಾ ಭಾಷಣ ಮಾಡಿ ಮನೆಗೆ ಹೋಗಿದ್ದರು.

“ವಿಷಯ ಇಷ್ಟೇ ಸಾರ್,” ನಂಜುಂಡಯ್ಯ ಹೇಳಿದರು. “ಸಿನಿಮಾ ನೋಡಿದ ಮಾರನೇ ದಿನದಿಂದ ಫೈನಲ್ ಇಯರ್ ಮಕ್ಕಳು ಅಟೆಂಡೆನ್ಸ್ ಕರೆದ್ರೆ ಉತ್ತರ ಕೊಡ್ತಿಲ್ಲ. ಕೂತಿರ್ತಾರೆ, ನೋಟ್ಸ್ ಬರ್ಕೊಳ್ತಾರೆ, ಡೌಟ್ಸೂ ಕೇಳ್ತಾರೆ. ಹೆಸರು ಕರೆದ್ರೆ ಮಾತ್ರ ಬಾಯಿ ಬಿಡಲ್ಲ. ಉತ್ತರ ಕೊಡದಿದ್ರೆ ಆಬ್ಸೆಂಟ್ ಹಾಕಿ ಅಂತ ನಾನು ಆರ್ಡರ್ ಮಾಡಿದೆ. ಈಗ ಇಡೀ ಕ್ಲಾಸು ಆಬ್ಸೆಂಟು.”

“ನನ್ ಮಗ್ಳು ಒಂದಿನಾನೂ ಕಾಲೇಜ್ ತಪ್ಪುಸ್ದೋಳಲ್ಲ,” ಗಂಗಾಂಬಿಕೆ ಆತ್ರೇಯನ ಮುಖ ನೋಡಿಯೇ ಹೇಳಿದಳು. “ಯಾಕವ್ವ ಇಂಗ್ ಮಾಡ್ತೀಯ ಅಂದ್ರೆ, ಆ ಸಿನಿಮಾ ನೋಡಮ್ಮ ಗೊತ್ತಾಯ್ತದೆ ಅಂತಾಳೆ. ಸಾ, ನೀವ್ ಬರ್ದಿದ್ದ ನಂಬ್ಕಂಡು ನಾನೇ ಒಸ ಚೂಡಿದಾರ ಆಕಿ ಕಳುಸ್ದೆ.”

“ಅದ್ಕೇ ಇವತ್ತು ನೋಡೇ ಬುಡಾದು,” ಪಾಲಾಕ್ಷ ಎಳನೀರಿನ ಬುರುಡೆ ಕೆಳಗಿಟ್ಟರು. “ಈ ಸಿನಿಮಾನೇ ಹುಡುಗ್ರಿಗೆ ಈ ಬುದ್ಧಿ ಕಲ್ಸಿದ್ದು ಅಂದ್ರೆ ನೇತ್ರಮ್ಮೋರು ಸೋಮವಾರದಿಂದ ಬರಾದು ಬ್ಯಾಡ. ಕಲ್ಸಿಲ್ಲ ಅಂದ್ರೆ ಬರ್ಲಿ. ನಂಗೇನ್ ಅವ್ರ ಮ್ಯಾಲೆ ದ್ವೇಷ ಇಲ್ಲ. ಹಾಕಮ್ಮ.”

ದೀಪ ಆರಿತು. ನಂಜುಂಡಯ್ಯ ಕನ್ನಡಕವನ್ನು ಹಣೆಗೆ ಏರಿಸಿಕೊಂಡರು, ಗುಡ್ಡದ ಮೇಲೆ ಶಾಲೆ ಕಾಣಿಸುವ ಮೊದಲೇ ಗೊರಕೆ ಶುರುವಾಯಿತು. ಹಿಮದ ಮೇಲೆ ಮಾತುಗಳನ್ನು ಅನುವಾದಿಸುವ ಇಂಗ್ಲಿಷ್ ಅಕ್ಷರಗಳು ಬೆಳ್ಳಗೆ ಮೂಡಿ ಬೆಳ್ಳಗೆ ಅಳಿಸಿಹೋದವು. ಬಿಳಿಯ ಮೇಲೆ ಬಿಳಿ. ಪಾಲಾಕ್ಷ ಕಣ್ಣು ಕಿರಿದು ಮಾಡಿ ಸೋತರು. ಏನಂತಾವ್ನೆ ಎಂದು ಕೇಳಿದರು. ನೇತ್ರಾ ಬಾಯಿ ತೆರೆದಳು. “ನೀವ್ ಬ್ಯಾಡಮ್ಮ, ನೀವೇ ಪಾರ್ಟಿ. ಸ್ವಾಮಿಗಳು ಹೇಳ್ಲಿ, ಅವ್ರು ಒಂದ್ ಕಿತ ನೋಡವ್ರಲ್ಲ.” ಹೀಗೆ ಆತ್ರೇಯ ದುಭಾಷಿಯಾದ. ಮೊದಲರ್ಧ ಅವನಿಗೆ ಕಷ್ಟವಾಗಲಿಲ್ಲ. ‘ಈ ಹುಡುಗ ಕ್ಲಾಸಿನ ಮಾನಿಟರ್. ಈಗ ಅವನನ್ನು ಕಿಟಕಿಯಿಂದ ತಳ್ಳುತ್ತಾರೆ.’ ತಳ್ಳಿದರು. ‘ಅಡುಗೆಯವಳು ಒಳ್ಳೆಯವಳು.’ ಅವಳು ಒಳ್ಳೆಯವಳಾಗಿಯೇ ಸತ್ತಳು. ಪಾಲಾಕ್ಷ ಪ್ರತಿ ಕೊಲೆಗೂ ‘ಅಯ್ಯಯ್ಯಯ್ಯಪ್ಪ’ ಎಂದು ಕುರ್ಚಿಯ ಅಂಚಿಗೆ ಸರಿದು ಬರುತ್ತಿದ್ದರು; ಆ ದನಿಯಲ್ಲಿ ಖಂಡನೆಗಿಂತ ಹಸಿವು ಹೆಚ್ಚಿತ್ತು. ಆತ್ರೇಯನಿಗೆ ಒಂದು ರೀತಿಯ ಗರ್ವ ಬಂತು. ಮುಂದೆ ಆಗುವುದನ್ನು ಮೊದಲೇ ಹೇಳುವ ಜ್ಯೋತಿಷಿಯ ಗರ್ವ. ಅದು ಎಲ್ಲಿಯವರೆಗೆ ಬಾಳುತ್ತದೆಂದು ಅವನಿಗೇ ಗೊತ್ತಿತ್ತು: ಇಸ್ತ್ರಿಪೆಟ್ಟಿಗೆಯವರೆಗೆ. ಎರಡು ಜಡೆಯ ಹುಡುಗಿ ಇಸ್ತ್ರಿಪೆಟ್ಟಿಗೆ ಎತ್ತಿದಳು. ಹಾಸನದಲ್ಲಿ ಅವನು ಸಾಲಿನಲ್ಲಿ ಕೂತಿದ್ದವರ ಕಾಲು ತುಳಿಯುತ್ತ ಹೊರಗೆ ಹೋದದ್ದು ಇದೇ ಕ್ಷಣದಲ್ಲಿ. ಈಗ ಹೋಗಲು ಬಸ್ಸಿರಲಿಲ್ಲ.

“ಮುಂದೆ ಏನ್ಮಾಡ್ತಾಳೆ?” ಪಾಲಾಕ್ಷ ಅವನ ಮೊಣಕೈ ಹಿಡಿದರು.

“ಸಾಯಿಸುತ್ತಾಳೆ,” ಎಂದ ಆತ್ರೇಯ, ಅಷ್ಟೊತ್ತಿನ ಅನುಭವದಿಂದ.

ಸಾಯಿಸಲಿಲ್ಲ. ಹುಡುಗಿ ಇಸ್ತ್ರಿಪೆಟ್ಟಿಗೆಯನ್ನು ತನ್ನ ಅಂಗೈಗೆ ಒತ್ತಿಕೊಂಡಳು. ಗೆಳತಿಯ ಹಣೆಗೆ ತಗುಲಿದ್ದು ಬಿಸಿಯಿಲ್ಲದ ಹಿಡಿ. ಅವಳು ಗೆಳತಿಯನ್ನು ಎಬ್ಬಿಸುತ್ತಿದ್ದಳು, ಅಷ್ಟೇ. ಪಾಲಾಕ್ಷ ನಿಧಾನವಾಗಿ ಮೊಣಕೈ ಬಿಟ್ಟರು. ಗಂಗಾಂಬಿಕೆ ತುಣುಕನ್ನು ಮತ್ತೊಮ್ಮೆ ನೀವಿದ ಸದ್ದು ಕತ್ತಲಲ್ಲಿ ಕೇಳಿಸಿತು.

ನೇತ್ರಾ ಸಿನಿಮಾ ನಿಲ್ಲಿಸಿ ದೀಪ ಹಾಕಿದಳು. ಕಾಫಿ ಬಂದಿತ್ತು. ಆತ್ರೇಯ ಲೋಟ ಹಿಡಿದು ಜಗಲಿಗೆ ಹೋದ. ಅವಳೂ ಬಂದು ನೋಟಿಸ್ ಬೋರ್ಡಿಗೆ ಒರಗಿ ನಿಂತಳು. ಅವಳಿಗೆ ಮೂವತ್ತು ದಾಟಿರಬಹುದು. ತಾನು ಅವಳಿಗೆ ಒಂದು ಸಾಂತ್ವನದ ಮಾತು ಹೇಳಬೇಕೆಂದು ಅವನಿಗೆ ಅನ್ನಿಸಿತು. ‘ಕಲೆಗೆ ಯಾವತ್ತೂ ವಿರೋಧ ಇದ್ದದ್ದೇ’ ಎಂಬಂಥದ್ದು.

“ಸಾರ್, ನೀವು ಇದನ್ನ ಪೂರ್ತಿ ನೋಡಿಲ್ಲ ಅಲ್ವಾ,” ಎಂದಳು ಅವಳು.

ಕಾಫಿ ಬಿಸಿಯಾಗಿತ್ತು. ಆತ್ರೇಯ ಅದನ್ನು ಕುಡಿದುಬಿಟ್ಟ.

“ನನಗೆ ಪೇಪರ್ ಓದಿದ ದಿನಾನೇ ಗೊತ್ತಾಯ್ತು. ಅವತ್ತು ಹಾಸನದಲ್ಲಿ ನಾನೂ ಇದ್ದೆ. ನೀವು ಏಳುವಾಗ ತುಳಿದದ್ದು ನನ್ನ ಕಾಲೇ. ಅಲ್ಲದೆ, ಕೊನೆಯ ಭಾಗದಲ್ಲಿ ಸಂಗೀತನೇ ಇಲ್ಲ ಸಾರ್. ಒಂದು ತಂತಿ ಕೂಡ ಮೀಟಲ್ಲ.”

“ಗೊತ್ತಿದ್ದೂ ಅರ್ಜಿ ಜೊತೆ ಇಟ್ಟಿರಾ?”

“ಮತ್ತಿನ್ನೇನು ಇಡಲಿ? ಬೇರೆಯವರೆಲ್ಲ ರಕ್ತ, ರಾಕ್ಷಸ, ರೋಗ ಅಂತ ಬರೆದಿದ್ರು. ಮಂಗಳಕರ ಅಂತ ಬರೆದೋರು ನೀವೊಬ್ರೇ.” ಅವಳು ನಕ್ಕಳು. ಅದು ಕನಕಲಕ್ಷ್ಮಿ ಅತ್ತೆಯ ನಗುವಾಗಿರಲಿಲ್ಲ. ಆದರೂ ಆತ್ರೇಯ ಬಾಳೆಎಲೆಯ ಮುಂದೆ ಕೂತಂತೆ ತಲೆ ತಗ್ಗಿಸಿದ. ತುಳಿದ ಕಾಲು ಯಾವುದು ಎಂದು ಅವಳ ಚಪ್ಪಲಿಯನ್ನು ನೋಡಿದ.

“ಮಕ್ಕಳಿಗೆ ಇದನ್ನೇ ಯಾಕೆ ತೋರಿಸಿದಿರಿ?”

ಅವಳು ಒರಗಿದ್ದಲ್ಲಿಂದ ಸ್ವಲ್ಪ ಸರಿದಳು. ಬೆನ್ನ ಹಿಂದೆ ಕೆಂಪಕ್ಷರ ಕಂಡಿತು. “ಬೆಳಗಿನ ಬಸ್ಸು ತಡವಾಗಿ ಬಂದ್ರೆ ದಂಡಿಗನಹಳ್ಳಿ ಕಡೆಯ ಮಕ್ಕಳಿಗೆ ಫಸ್ಟ್ ಪೀರಿಯಡ್ ಹೋಗುತ್ತೆ. ಹಾಜರಿ ಕರೆಯೋದು ಆ ಪೀರಿಯಡ್‌ನಲ್ಲಿ ಮಾತ್ರ. ನಾನು ಪ್ರಿನ್ಸಿಪಾಲರಿಗೆ ಮೂರು ಸಲ ಬರೆದು ಕೊಟ್ಟೆ. ಸಿನಿಮಾ ನೋಡಿ ಇವರು ಹೀಗೆ ಮಾಡ್ತಾರೆ ಅಂತ ನನಗೂ ಗೊತ್ತಿರ್ಲಿಲ್ಲ. ನಾನು ಯಾರಿಗೂ ಹೇಳಿಕೊಟ್ಟಿಲ್ಲ ಸಾರ್.” ನಗು ಹೋಗಿತ್ತು. “ಈ ಕೆಲಸ ಹೋದ್ರೆ ಈ ತಾಲ್ಲೂಕಲ್ಲಿ ನನಗೆ ಇನ್ನೊಂದು ಕಾಲೇಜಿಲ್ಲ. ಕೊನೆ ನೋಡಿದ ಕೂಡಲೇ ಅಧ್ಯಕ್ಷರಿಗೆ ಗೊತ್ತಾಗಿಬಿಡುತ್ತೆ. ಕೇಳೋದು ನಿಮ್ಮನ್ನೇ. ನೀವು ಏನು ಹೇಳ್ತೀರೋ.”

ಕೊನೆಯಲ್ಲಿ ಏನಾಗುತ್ತದೆ ಎಂದು ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂತು. ತಾನು ವಿಮರ್ಶೆ ಬರೆದ ಸಿನಿಮಾದ ಕೊನೆಯನ್ನು ಕೇಳುವುದು ಅವಮಾನವೆನ್ನಿಸಿ, ‘ನೋಡೋಣ’ ಎಂದು ಒಳಗೆ ಹೋದ.

ಮತ್ತೆ ಕತ್ತಲು, ಮತ್ತೆ ಗೊರಕೆ. ಈಗ ಆತ್ರೇಯ ಹಿಮದ ಮೇಲಿನ ಬಿಳಿ ಅಕ್ಷರಗಳನ್ನು ನಿಜವಾಗಿಯೂ ಓದಲು ಮುಂದಕ್ಕೆ ಬಾಗಿದ. ಯಾವುದನ್ನಾದರೂ ಹೀಗೆ ನೋಡಿ ಎಷ್ಟು ಕಾಲವಾಯಿತೆಂದು ನೆನಪಾಗಲಿಲ್ಲ. ಕಚೇರಿಗಳಲ್ಲಿ ಅವನು ಕೇಳುವುದು ಕೃತಿಯ ಮೊದಲ ಸಾಲನ್ನು, ಬರೆದುಕೊಳ್ಳಲಿಕ್ಕೆ. ಆಮೇಲೆ ಪಕ್ಕದ ಸಾಲಿನ ರೇಷ್ಮೆ ಸೀರೆಗಳನ್ನು, ಸಂಘಟಕರು ತನ್ನನ್ನು ಮೊದಲ ಸಾಲಿನಲ್ಲಿ ಕೂರಿಸದೆ ಎರಡನೆಯದರಲ್ಲಿ ಕೂರಿಸಿದ್ದನ್ನು ಗಮನಿಸುತ್ತ ಕೂರುತ್ತಾನೆ. ಪರದೆಯ ಮೇಲೆ ಮಕ್ಕಳು ಸಾಯುವುದು ಮುಂದುವರಿಯಿತು, ಆದರೆ ಈಗ ಅವರು ಮೊದಲಿನಷ್ಟು ಚೆನ್ನಾಗಿ ಸಾಯಿಸುತ್ತಿರಲಿಲ್ಲ. ಎತ್ತಿದ ಕೈ ಅರ್ಧಕ್ಕೇ ಇಳಿಯುತ್ತಿತ್ತು. ಸುಟ್ಟ ಅಂಗೈಯ ಹುಡುಗಿ ಪ್ರತಿ ಹಾಸಿಗೆಯ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಏನೆಂದು ಅಕ್ಷರಗಳೂ ಹೇಳಲಿಲ್ಲ. ಎಳನೀರಿನ ಬುರುಡೆ ಪಾಲಾಕ್ಷರ ಕಾಲಿಗೆ ತಗುಲಿ ಹಾಲಿನ ಉದ್ದಕ್ಕೂ ಉರುಳಿ ಗೋಡೆಗೆ ಬಡಿಯಿತು. ಯಾರೂ ತಿರುಗಿ ನೋಡಲಿಲ್ಲ.

ಬೆಳಗಾಯಿತು, ಸಿನಿಮಾದಲ್ಲಿ. ಊಟದ ಮನೆಯ ಉದ್ದನೆಯ ಮೇಜು, ಉಳಿದವರು ಏಳೆಂಟು ಮಕ್ಕಳು, ಮುಂದೆ ಖಾಲಿ ಬಟ್ಟಲು. ಧ್ವನಿವರ್ಧಕ ಕರ್ ಎಂದು ಎಚ್ಚೆತ್ತು ಮೊದಲ ಹೆಸರು ಕರೆಯಿತು. ಅದು ಸತ್ತ ಹುಡುಗನ ಹೆಸರು, ಉತ್ತರವಿಲ್ಲ. ಎರಡನೆಯದೂ ಸತ್ತವನದೇ. ಮೂರನೆಯದು ಬದುಕಿದ್ದ ಹುಡುಗಿಯದು. ಕ್ಯಾಮೆರಾ ಅವಳ ಮುಖದ ಮೇಲೆ ನಿಂತಿತು. ಅವಳು ಬಾಯಿ ತೆರೆಯಲಿಲ್ಲ. ಮುಂದಿನವನೂ ತೆರೆಯಲಿಲ್ಲ. ಹಿನ್ನೆಲೆ ಸಂಗೀತ ನಿಂತುಹೋಗಿದೆಯೆಂದು ಆತ್ರೇಯನಿಗೆ ಆಗ ಹೊಳೆಯಿತು. ನೇತ್ರಾ ಹೇಳಿದ್ದು ನಿಜ. ಒಂದು ತಂತಿಯೂ ಇಲ್ಲ. ಹೆಸರು, ಆಮೇಲೆ ಧ್ವನಿವರ್ಧಕದ ಗುಂಯ್ ಎನ್ನುವ ಸದ್ದು, ಆಮೇಲೆ ಇನ್ನೊಂದು ಹೆಸರು. ಆ ಗುಂಯ್‌ಗೆ ಶ್ರುತಿಯಿತ್ತು. ಬೇಡವೆಂದರೂ ಕಿವಿ ಅದನ್ನು ಹಿಡಿಯಿತು. ರುದ್ರಪಟ್ಟಣದಲ್ಲಿ, ನದಿಯ ಮೆಟ್ಟಿಲಿಗೆ ಹತ್ತಿರದ ಪಾಠದ ಮನೆಯಲ್ಲಿ, ಇಂಥದೇ ಗುಂಯ್ ತಂಬೂರಿಯಿಂದ ಹೊರಡುತ್ತಿತ್ತು. ಉತ್ಸವದ ಗೋಷ್ಠಿಗಾಯನಕ್ಕೆ ಊರ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದಲೂ ಒಂದು ಸಾಲು ಹಾಡಿಸಿದ ಮೇಷ್ಟರು ಆತ್ರೇಯನ ಬಳಿ ಬಂದಾಗ ಕಣ್ಣು ಮುಚ್ಚಿ ಕೇಳಿದರು, ಕಣ್ಣು ತೆರೆದರು, ಪ್ರೀತಿಯಿಂದಲೇ ಅವನ ತಲೆಯ ಮೇಲೆ ಕೈಯಿಟ್ಟು ‘ಮಗು, ನೀನು ಬಾಯಿ ಮಾತ್ರ ಆಡಿಸು, ದನಿ ತೆಗೀಬೇಡ’ ಎಂದರು. ಅವನು ಹಾಗೆಯೇ ಮಾಡಿದ. ಜರಿಯಂಚಿನ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಅಷ್ಟೂ ಕೃತಿಗಳಿಗೆ ಬಾಯಿ ಆಡಿಸಿದ. ಕೆಳಗೆ ಕೂತ ಅಮ್ಮನಿಗೆ ಆನಂದದಿಂದ ಕಣ್ಣೀರು ಬಂತು. ಆಮೇಲೆ ಎಲ್ಲ ವರ್ಷವೂ ಆಡಿಸಿದ. ಊರು ಬಿಟ್ಟ ಮೇಲೆ ಪತ್ರಿಕೆಯಲ್ಲಿ ಆಡಿಸಿದ. ಇಲ್ಲಿ ಈ ಮಕ್ಕಳು ದನಿಯಿದ್ದೂ ಬಾಯಿ ಬಿಗಿದು ಕೂತಿದ್ದರು. ಒಬ್ಬ ಹುಡುಗನ ತುಟಿ ಅದುರಿತು. ಈಗ ಹೇಳಿಬಿಡುತ್ತಾನೆ, ತಾನೊಬ್ಬ ಬದುಕಿಕೊಂಡರೆ ಸಾಕೆಂದು ಹಾಜರ್ ಎಂದುಬಿಡುತ್ತಾನೆ. ಆತ್ರೇಯ ಕುರ್ಚಿಯ ಕೈ ಹಿಡಿದ. ಸುಟ್ಟ ಅಂಗೈ ಮೇಜಿನ ಮೇಲೆ ಸರಿದು ಬಂದು ಹುಡುಗನ ಕೈಯ ಪಕ್ಕ ನಿಂತಿತು, ಮುಟ್ಟಲಿಲ್ಲ. ಹುಡುಗ ಹೇಳಲಿಲ್ಲ. ಹೆಸರುಗಳು ಮುಗಿದವು. ಹೊರಗೆ ಕೋವಿ ಹಿಡಿದ ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಲೆಕ್ಕ ಸೊನ್ನೆ. ನಿಯಮದಲ್ಲಿ ಸೊನ್ನೆಗೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಧ್ವನಿವರ್ಧಕ ಮತ್ತೆ ಮೊದಲ ಹೆಸರಿನಿಂದ ಶುರು ಮಾಡಿತು.

“ಯಾಕ್ ಸ್ವಾಮಿ ಸುಮ್ಕವ್ರೆ?” ಪಾಲಾಕ್ಷ ಪಿಸುಗುಟ್ಟಿದರು. “ಬದ್ಕವ್ರಲ್ಲ. ಬಾಯ್ ಬುಟ್ಟು ಏಳ್ಬಾರ್ದಾ?”

ನೇತ್ರಾ ಲ್ಯಾಪ್‌ಟಾಪಿನ ಬೆಳಕಿನಲ್ಲಿ ನಿಂತಿದ್ದಳು. ಅವನ ಕಡೆ ನೋಡಲಿಲ್ಲ. ಹೇಳುವುದೆಲ್ಲ ಎದುರಿಗೇ ಇತ್ತು: ಒಬ್ಬರನ್ನು ತೆಗೆಯಬೇಕಾದರೆ ಉಳಿದವರು ಹಾಜರಿರಬೇಕು, ಯಾರೂ ಹಾಜರಿಲ್ಲದಿದ್ದರೆ ಯಾರನ್ನೂ ತೆಗೆಯಲಾಗುವುದಿಲ್ಲ. ಒಂದು ಸಾಲು. ಅದನ್ನು ಹೇಳಿದರೆ ತಾನು ಮೊದಲ ಬಾರಿಗೆ ಒಂದು ಕೃತಿಯನ್ನು ಸರಿಯಾಗಿ ವಿಮರ್ಶಿಸಿದಂತಾಗುತ್ತದೆ, ನೇತ್ರಾ ಸೋಮವಾರ ಮನೆಯಲ್ಲಿರುತ್ತಾಳೆ.

“ಗಂಟಲು ಕಟ್ಟಿದೆ,” ಎಂದ ಆತ್ರೇಯ.

“ಆಂ?”

“ಚಳಿ ನೋಡಿ. ಹಿಮ. ರಾತ್ರಿಯೆಲ್ಲ ನಿದ್ದೆಯಿಲ್ಲ. ಗಂಟಲು ಕಟ್ಟಿದೆ, ದನಿ ಬರ್ತಾ ಇಲ್ಲ ಪಾಪ.”

ಪೂರ್ತಿ ನೋಡಿ ಅವನು ಹೇಳಿದ ಮೊದಲ ಸುಳ್ಳು ಅದು. ಪಾಲಾಕ್ಷ ಪರದೆ ನೋಡಿದರು. ಹಿಮ ಸುರಿಯುತ್ತಿತ್ತು. “ಔದು ಕಣ್ರೀ,” ಎಂದು ಶಾಲು ಹೊದ್ದುಕೊಂಡರು. “ಇಂಥಾ ಚಳೀಲಿ ಮಕ್ಳಿಗೆ ಒಂದ್ ಕಷಾಯ ಕುಡ್ಸೋಕೂ ದಿಕ್ಕಿಲ್ಲ.”

ಪರದೆ ಕಪ್ಪಾದ ಮೇಲೂ ಹೆಸರು ಕರೆಯುವ ದನಿ ಸ್ವಲ್ಪ ಹೊತ್ತು ಉಳಿಯಿತು. ದೀಪ ಹತ್ತಿದಾಗ ನಂಜುಂಡಯ್ಯ ಎದ್ದು ಕನ್ನಡಕ ಇಳಿಸಿಕೊಂಡು, “ಒಳ್ಳೆಯ ಸಂದೇಶವಿದೆ,” ಎಂದರು. ಗಂಗಾಂಬಿಕೆ ಕೂತಲ್ಲಿಂದ ಅಲುಗಲಿಲ್ಲ. ತೊಡೆಯ ಮೇಲಿನ ತುಣುಕನ್ನು ಎತ್ತಿ, ಬೆರಳಿಟ್ಟು, ಕೊನೆಯ ಭಾಗದ ಹಿನ್ನೆಲೆ ಸಂಗೀತ ಮನಮುಟ್ಟುವಂತಿದ್ದು ಎಂದು ಗಟ್ಟಿಯಾಗಿ ಓದಿದಳು. ಆತ್ರೇಯ ಮತ್ತೆ ಎಲೆಯ ಮುಂದೆ ಕೂತಿದ್ದ, ಹೋಳಿಗೆಯ ತಟ್ಟೆ ಹತ್ತಿರ ಬರುತ್ತಿತ್ತು.

“ಸಾ, ಆ ಮಕ್ಳಿಗೆ ಅಷ್ಟೂ ಜನುಕ್ಕೂ ಗಂಟ್ಲು ಕಟ್ಟಿತ್ತಾ?”

“ಕಟ್ಟಿತ್ತಮ್ಮ.”

“ಒಂದೇ ದಿನ?”

“ಒಂದೇ ದಿನ.”

ಅವಳು ತುಣುಕನ್ನು ನಾಲ್ಕು ಮಡಿಕೆ ಮಾಡಿದಳು. “ನನ್ ಮಗ್ಳಿಗೂ ಕಟ್ಟದೆ. ಮನೇಲ್ ಮಾತ್ರ ಸೀಮೆಗಿಲ್ದಂಗೆ ಬಾಯ್ ಮಾಡ್ತಾಳೆ.” ಸೆರಗಿನಿಂದ ಮುಖ ಒರೆಸಿಕೊಂಡಳು, ಹುಬ್ಬಿನ ಹಿಟ್ಟು ಹೋಯಿತು. ಆಮೇಲೆ ಪಾಲಾಕ್ಷರ ಕಡೆ ತಿರುಗಿ ಕೇಳಿದಳು: “ಅಣ್ಣೋ, ಆ ದಂಡಿಗನಹಳ್ಳಿ ಬಸ್ಸು ಈಗ್ಲೂ ತಡ್ವಾಗೇ ಬತ್ತದಾ?”

“ಅದ್ಯಾಕವ್ವ ಈಗ?”

“ಸುಮ್ಕೆ ಕೇಳ್ದೆ. ಗೋಡೆ ಮ್ಯಾಲೆ ಅಷ್ಟುದ್ದ ಎಸ್ರು ಅಂಟ್ಸಿದ್ರಲ್ಲ, ಅದ್ಕೆ. ಸಿನಿಮಾದ್ ಮ್ಯಾಲೆ ನಂದೇನ್ ತಕ್ರಾರಿಲ್ಲ.”

ಪಾಲಾಕ್ಷ ಅವಳನ್ನು ನೋಡಿದರು, ನೇತ್ರಾಳನ್ನು ನೋಡಿದರು, ಖಾಲಿ ಪರದೆಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವರಿಗೆ ಎಷ್ಟು ತಿಳಿಯಿತೆಂದು ಹೇಳುವಂತಿರಲಿಲ್ಲ. ಸಿನಿಮಾಕ್ಕೂ ವಿದ್ಯಾರ್ಥಿಗಳ ಅಶಿಸ್ತಿಗೂ ಸಂಬಂಧ ಕಂಡುಬಂದಿಲ್ಲವೆಂದು ನಂಜುಂಡಯ್ಯ ಬರೆದುಕೊಂಡರು. ನೇತ್ರಾ ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದಳು. ಆತ್ರೇಯ ದಾಟಿ ಹೋಗುವಾಗ ತಲೆ ಎತ್ತದೆ, “ಇನ್ನೊಂದು ಇದೆ ಸಾರ್, ಕೊರಿಯಾದ್ದು. ಅದಕ್ಕೂ ಅನುಮತಿ ಬೇಕು,” ಎಂದಳು.

ಬಸ್‌ಸ್ಟ್ಯಾಂಡಿನಿಂದ ಅವನು ಮುರಳೀಕೃಷ್ಣನಿಗೆ ಫೋನ್ ಮಾಡಿದ. ಒಂದು ತಿದ್ದುಪಡಿ ಹಾಕಬೇಕು, ಆ ಜಪಾನಿ ಸಿನಿಮಾದ ಕೊನೆಯ ಭಾಗದಲ್ಲಿ ಹಿನ್ನೆಲೆ ಸಂಗೀತವಿಲ್ಲ ಎಂದ.

“ಇಲ್ವಾ? ಮತ್ತೆ ಚೆನ್ನಾಗಿತ್ತು ಅಂತ ಬರೆದಿದ್ರಿ.”

“ಇಲ್ಲದ್ದು ಚೆನ್ನಾಗಿತ್ತು.”

“ಬಿಡಿ ಸಾರ್, ಯಾರು ಕೇಳ್ತಾರೆ. ಮುಂದಿನ ವಾರ ರುದ್ರಪಟ್ಟಣದ ಕಚೇರಿ ಇದೆ, ಐಟಂ ಪಟ್ಟಿ ಈಗಲೇ ಕಳಿಸಿಬಿಡ್ತೀನಿ, ನೀವು ಮನೆಯಿಂದಲೇ ಬರೆದ್ರೂ ಸರಿ.”

ಪಟ್ಟಿ ಬೇಡ ಎಂದ ಆತ್ರೇಯ. ಸಂಪಾದಕ ಆಗಲೇ ಫೋನ್ ಇಟ್ಟಿದ್ದ. ತಿದ್ದುಪಡಿ ಪ್ರಕಟವಾಗಲಿಲ್ಲ.

ಸೋಮವಾರ ಮೊದಲ ಪೀರಿಯಡ್‌ನಲ್ಲಿ ನೇತ್ರಾ ಹಾಜರಿ ಕರೆದಳು. ಯಾರೂ ಉತ್ತರಿಸಲಿಲ್ಲ. ಇಡೀ ಕ್ಲಾಸಿನ ಹೆಸರನ್ನೇ ಪಟ್ಟಿಗೆ ಸೇರಿಸಬೇಕಾಗಿ ಬಂದಾಗ, ಗುರುವಾರ ಮಧ್ಯಾಹ್ನ, ಪ್ರಿನ್ಸಿಪಾಲರು ನೋಟಿಸ್ ಬೋರ್ಡಿನ ಗಾಜು ತೆಗೆಸಿ ಶಾರ್ಟೇಜ್ ಪಟ್ಟಿಯನ್ನು ಕಿತ್ತುಹಾಕಿಸಿದರು.